ಚಿಲಕವಿಲ್ಲದ ಬಾಗಿಲು

ಬರಬೇಕಾಗಿದ್ದ ಮುದುಕಿ ಬಂದಿರಲಿಲ್ಲ. ಅನುಮಾನ ಶುರುವಾದದ್ದೇ ಅಲ್ಲಿಂದ.

ವಾರದ ಹಿಂದೆ ಫೋನಿನಲ್ಲಿ ಮಾತಾಡಿದ್ದು ವಯಸ್ಸಾದ ಹೆಂಗಸು. ಸಾಲು ರಜೆಗೆ, ಮೂರು ದಿನ, ಸಮುದ್ರ ಕಾಣುವ ಎರಡು ರೂಮು. ನಡುವೆ ಬಾಗಿಲಿರಬೇಕು. ಆ ಬಾಗಿಲಿಗೆ ಚಿಲಕ ಇರಕೂಡದು, ಇದ್ದರೆ ಕೀಳಿಸಿ. ಪಾಪ, ಏನಾದರೂ ಆದರೆ ಮಕ್ಕಳು ಓಡಿಬರಲಿ ಎಂದಿರಬೇಕು ಎಂದುಕೊಂಡು ದುರ್ಬೀನಮ್ಮ ಬಡಗಿಯನ್ನು ಕರೆಸಿ ಚಿಲಕ ಕೀಳಿಸಿದ್ದಳು. ಬಚ್ಚಲಿಗೊಂದು ಸ್ಟೂಲನ್ನೂ ಹಾಕಿಸಿದ್ದಳು. ಈಗ ನೋಡಿದರೆ ಎದುರಿಗೆ ನಿಂತವರು ನಲವತ್ತು ದಾಟಿದ ಒಬ್ಬ ಗಂಡಸು, ಒಬ್ಬ ಹೆಂಗಸು. ಮೂರು ದಿನಕ್ಕೆ ನಾಲ್ಕು ಸೂಟ್‌ಕೇಸು.

ದುರ್ಬೀನಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಹಳೇ ಬಂದರಿನ ಕೋಟೆಯೆದುರು ಅವಳ ಲಾಡ್ಜು. ‘ಮುನ್ನೂರು ವರ್ಷ ಹಳೆಯ ಮನೆ’ ಎಂದು ಬೋರ್ಡು. ಹೋದ ವರ್ಷ ಬಣ್ಣ ಹೊಡೆಸುವ ಮುಂಚೆ ಅದು ಇನ್ನೂರು ವರ್ಷದ್ದಾಗಿತ್ತು. ರಜೆ ಬಂತೆಂದರೆ ಊರಿನ ಇತಿಹಾಸವೆಲ್ಲ ಹೀಗೇ ಮೈ ತುಂಬಿಕೊಳ್ಳುತ್ತಿತ್ತು. ಬಂದವರ ಮುಖ ನೋಡಿಯೇ ಅವರ ಮನೆಯೊಳಗಿನ ಸಂಗತಿ ಹೇಳಬಲ್ಲೆನೆಂದು ಅವಳ ಹೆಮ್ಮೆ.

“ಎರಡೂ ರೂಮು ರೆಡಿ ಇದೆ,” ಎಂದಳು.

ಹೆಂಗಸು ಗಂಡಸಿನತ್ತ ತಿರುಗಿದಳು. “ಎರಡಾ? ಪರವಾಗಿಲ್ವೇ, ನಿಮಗೂ ಬುದ್ಧಿ ಬಂದಿದೆ.”

ಅವನು ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಆಮೇಲೆ ಅಪರೂಪಕ್ಕೆ ಸಿಕ್ಕ ಹೊಗಳಿಕೆಯನ್ನು ಜೇಬಿಗಿಳಿಸುವವನಂತೆ ತಲೆಯಾಡಿಸಿದ.

“ಮನೇಲಿ ಹಿರಿಯರು ಯಾರೂ ಬರಲಿಲ್ವಾ?”

“ಅತ್ತೆಗೆ ಇಷ್ಟು ದೂರ ಬರೋಕಾಗಲ್ಲ,” ಎಂದಳು ಹೆಂಗಸು, ತೀರಾ ಬೇಗ.

ಬರಲಾಗದವರು ಸಮುದ್ರ ಕಾಣುವ ರೂಮು ಕೇಳುತ್ತಾರೆಯೇ? ದುರ್ಬೀನಮ್ಮ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡಳು.

ಮೊದಲ ದಿನವೇ ಕಣ್ಣಿಗೆ ಹಬ್ಬ. ನೆತ್ತಿ ಸುಡುವ ಬಿಸಿಲಿನಲ್ಲಿ ಅವನು ಉಣ್ಣೆಯ ಸ್ವೆಟರು ತೊಟ್ಟು ಕೋಟೆಯ ಗೋಡೆಗೆ ಒರಗಿದ. ಅವಳು ಪರ್ಸಿನಿಂದ ಉಂಗುರ ತೆಗೆದು ಬೆರಳಿಗೆ ತೂರಿಸಿ, ಶಾಲು ಹೊದ್ದು ಪಕ್ಕಕ್ಕೆ ಅಂಟಿಕೊಂಡಳು. ಫೋಟೋ ಆಯಿತು. ಮರುಕ್ಷಣ ಇಬ್ಬರೂ ಬಿಸಿ ಪಾತ್ರೆ ಮುಟ್ಟಿದವರಂತೆ ದೂರ ಸರಿದರು, ಉಂಗುರ ಪರ್ಸಿಗೆ. ಸ್ವೆಟರು ಕಳಚಿ ಅವನು ಛತ್ರಿ ಬಿಚ್ಚಿದ. ಅವಳು ಬಾಟಲಿಯ ನೀರನ್ನು ಛತ್ರಿಯ ಮೇಲೆ ಸುರಿದಳು. ಮತ್ತೆ ಉಂಗುರ, ಮತ್ತೆ ನಗು, ಮತ್ತೆ ಫೋಟೋ.

“ಹಲ್ಲು ಬಿಡಿ ಅಂದ್ರೆ ನಗಿ ಅಂತ. ಡಾಕ್ಟರಿಗೆ ತೋರಿಸಿ ಅಂತಲ್ಲ.”

“ನಿನ್ನ ಪಕ್ಕ ನಿಂತ್ರೆ ಇಷ್ಟೇ ಬರೋದು.”

“ಇನ್ನೂ ಹತ್ತು ಬಾಕಿ ಇದೆ. ಅತ್ತೆಗೆ ಒಂಚೂರೂ ಅನುಮಾನ ಬರಬಾರದು.”

ಕಿಟಕಿಯ ಹಿಂದೆ ದುರ್ಬೀನಮ್ಮನ ಕಿವಿ ನೆಟ್ಟಗಾಯಿತು. ಗಂಡ ಹೆಂಡತಿಯಂತೂ ಅಲ್ಲ. ಗಂಡ ಹೆಂಡತಿಗೆ ಉಂಗುರ ಪರ್ಸಿನಲ್ಲಿರುವುದಿಲ್ಲ. ಯಾರೋ ಬಡಪಾಯಿ ಮುದುಕಿಗೆ ಭಾರೀ ಮೋಸವೊಂದು ತಯಾರಾಗುತ್ತಿತ್ತು, ಅದೂ ತನ್ನ ಮನೆಯಲ್ಲಿ.

ಎರಡನೇ ದಿನ ಚಹಾ ಕೊಡುವಾಗ ನೋಡಿದಳು: ಅವನು ಕೇಳದೆಯೇ ಅವಳ ಲೋಟಕ್ಕೆ ಒಂದೂವರೆ ಚಮಚ ಸಕ್ಕರೆ ಹಾಕಿದ. ಕಳ್ಳಜೋಡಿಗೆ ಎಷ್ಟು ದಿನದ ಅಭ್ಯಾಸವೋ! ಸಂಜೆ, ಯಾವತ್ತೂ ಗುಂಡು ಹಾರಿಸದ ಕೋಟೆಯ ಫಿರಂಗಿಯನ್ನು ನೋಡಿಕೊಂಡು ಮೆಟ್ಟಿಲು ಹತ್ತುತ್ತ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು, ಕ್ಯಾಮೆರಾ ಇಲ್ಲದೆಯೇ. ಕೆಲಸ ಕೈಗೂಡಿರಬೇಕು.

ಮೂರನೇ ಬೆಳಿಗ್ಗೆ ರೂಮು ಗುಡಿಸಲು ಹೋದರೆ ಒಂದರಲ್ಲಿ ಹಾಸಿಗೆ ಹಾಸಿಟ್ಟ ಹಾಗೇ ಇತ್ತು. ಇಡೀ ರಾತ್ರಿ ಒಬ್ಬರು ಕಣ್ಣು ಮುಚ್ಚದೆ ಸಂಚು ಹೂಡಿದ್ದರು. ಇನ್ನು ಸಾಕ್ಷಿ ಏನು ಬೇಕು? ಸೂಟ್‌ಕೇಸು ಹಿಡಿದು ಹೊರಟವರಿಗೆ ದುರ್ಬೀನಮ್ಮ ಬಾಗಿಲಲ್ಲೇ ಅಡ್ಡ ನಿಂತಳು, ಕೈಯಲ್ಲಿ ಫೋನು.

“ನೀವು ಗಂಡ ಹೆಂಡತಿ ಅಲ್ಲ.”

“ಅಲ್ಲ,” ಎಂದ ಅವನು.

ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದಕ್ಕೆ ಅವಳಿಗೆ ನಿರಾಸೆಯೇ ಆಯಿತು. “ಆ ಅತ್ತೆಗೆ ಏನು ಮೋಸ ಮಾಡ್ತಿದ್ದೀರಿ? ನಿಜ ಹೇಳಿ, ಇಲ್ಲಾಂದ್ರೆ ಪೊಲೀಸರಿಗೆ ಹೇಳ್ತೀನಿ.”

ಹೆಂಗಸು ಸೂಟ್‌ಕೇಸಿನ ಮೇಲೆ ಕುಸಿದಳು. “ನಮಗೆ ಡೈವೋರ್ಸ್ ಆಗಿ ಮೂರು ವರ್ಷ ಆಯ್ತಮ್ಮಾ. ಇವರಮ್ಮನಿಗೆ ಹೇಳಿಲ್ಲ. ಹೃದಯದ ಕಾಯಿಲೆ, ದೂರದ ಊರಲ್ಲಿ ಮಗಳ ಮನೇಲಿದ್ದಾರೆ. ಪ್ರತಿ ಒಂದನೇ ತಾರೀಖು ನಮ್ಮಿಬ್ಬರದು ಒಂದು ಫೋಟೋ ಕಳಿಸ್ಬೇಕು, ಇಲ್ಲಾಂದ್ರೆ ಅವತ್ತು ಊಟ ಮಾಡಲ್ಲ. ತಿಂಗಳು ತಿಂಗಳು ಇವರ ಮುಖ ಯಾರು ನೋಡ್ತಾರೆ? ಅದಕ್ಕೆ ವರ್ಷದ್ದು ಒಂದೇ ಸಲ ತೆಗೆದುಬಿಡ್ತೀವಿ. ಚಳಿಗಾಲದ್ದು, ಮಳೆಗಾಲದ್ದು, ಎಲ್ಲ.”

“ಇಲ್ಲಿಗೇ ಯಾಕೆ ಬಂದ್ರಿ?”

“ಅವರದೇ ಹಟ. ಹೋಗಿ ಬನ್ನಿ, ರೂಮು ಹೇಳಿದ್ದೀನಿ ಅಂದ್ರು. ಇವರು ಹೇಗೋ ಉಪಾಯ ಮಾಡಿ ಎರಡು ಮಾಡಿಸಿದ್ರು, ಪುಣ್ಯ.”

ಗಂಡಸು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. “ಅಮ್ಮನಿಗೆ ಗೊತ್ತಾದ್ರೆ ಅವತ್ತೇ ಎದೆ ಒಡೆದು ಹೋಗ್ತಾರೆ,” ಎಂದ.

ದುರ್ಬೀನಮ್ಮ ದಾರಿ ಬಿಟ್ಟಳು. ಏನೋ ಒಂದು ತಾಳೆಯಾಗುತ್ತಿಲ್ಲ ಅನ್ನಿಸಿತು; ಏನೆಂದು ಹೊಳೆಯುವಷ್ಟರಲ್ಲಿ ಟ್ಯಾಕ್ಸಿ ಕೋಟೆಯ ತಿರುವು ದಾಟಿತ್ತು. ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು.

“ಹೊರಟ್ರೇನಮ್ಮಾ ನಮ್ಮ ಮಕ್ಕಳು?” ಅದೇ ವಯಸ್ಸಾದ ಧ್ವನಿ. “ಫೋಟೋ ಬಿಡಿ, ಅದು ತಿಂಗಳು ತಿಂಗಳು ಬರುತ್ತೆ. ನೀವು ಇಷ್ಟು ಹೇಳಿ ಸಾಕು: ಎರಡು ರೂಮಲ್ಲಿ ಎಷ್ಟು ಹಾಸಿಗೆ ಮುದುರಿತ್ತು?”