ಉಂಡೆ ಕಾಯುವ ಬೋರ್ಡು

"ರವೆ ಉಂಡೆ ಕಮ್ಮಿಯಾಗ್ತಿರೋದು ನಿನ್ನಿಂದಾನೇ ಅಮ್ಮಾ. ಸಕ್ಕರೆ ಕಾಯಿಲೆ ಬೇರೆ. ಸಿಕ್ಕಿಬಿದ್ರೆ ಈ ಮನೇಲಿ ಇನ್ನು ಸಿಹಿ ಅಡುಗೇನೇ ಬಂದ್," ಎಂದರು ಅಪ್ಪ.

"ನಾನು ಮುಟ್ಟಿಲ್ಲ ಕಣೋ," ಎಂದಳು ಅಜ್ಜಿ, ಹೂಬತ್ತಿ ಹೊಸೆಯುತ್ತಾ.

ಕಳ್ಳರನ್ನು ಹಿಡಿಯುವ ಕೆಲಸ ನನಗೆ ಬಿತ್ತು. ನನ್ನ ಹತ್ತಿರ ಬೆಳಕು ಗುರುತಿಸುವ, ಬೆಂಕಿಪೊಟ್ಟಣದಷ್ಟು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡೊಂದಿತ್ತು. ಉಂಡೆ ಡಬ್ಬಿಯೊಳಗಿಟ್ಟರೆ, ಯಾರಾದರೂ ಮುಚ್ಚಳ ತೆಗೆದು ಬೆಳಕು ಬಿದ್ದೊಡನೆ ಅದು ವೈಫೈ ಹಿಡಿದು ನನ್ನ ಫೋನಿಗೆ ಸುದ್ದಿ ಕಳಿಸಬೇಕು. ಮೇಜಿನ ಮೇಲೆ ಜಾಣಮರಿಯಂತಿದ್ದದ್ದು ಉಂಡೆಯ ಸ್ಟೀಲ್ ಡಬ್ಬಿಗಿಳಿದೊಡನೆ ಮೂಕವಾಯಿತು. ಪಾಸ್‌ವರ್ಡ್ ಮತ್ತೆ ಹಾಕಿದೆ, ರೂಟರನ್ನು ಆರಿಸಿ ಹಚ್ಚಿದೆ. ಊಹೂಂ.

"ನಿನ್ನ ಯಂತ್ರಾನೂ ಅಜ್ಜಿ ಪಾರ್ಟೀನೇ ಬಿಡು," ಎಂದು ಅಪ್ಪ ನಕ್ಕರು.

"ಆ ಕತೆ ಮರೆತ್ಯೇನೇ?" ಎಂದಳು ಅಜ್ಜಿ. "ಕಬ್ಬಿಣದ ಪೆಟ್ಟಿಗೇಲಿದ್ದ ರಾಜಕುಮಾರಿ ಎಷ್ಟು ಕೂಗಿದ್ರೂ ಹೊರಗೆ ಕೇಳ್ತಿರಲಿಲ್ಲ."

ನಾನು ಹಣೆ ಚಚ್ಚಿಕೊಂಡೆ. ಸ್ಟೀಲಿನ ಗೋಡೆ ದಾಟಿ ವೈಫೈ ಬರುವುದಾದರೂ ಹೇಗೆ? ಉಂಡೆಗಳನ್ನೂ ಬೋರ್ಡನ್ನೂ ಉಪ್ಪಿನಕಾಯಿಯ ಖಾಲಿ ಪಿಂಗಾಣಿ ಭರಣಿಗೆ ಸಾಗಿಸಿ, ಮುಚ್ಚಿ, ಅಡುಗೆಮನೆಯ ಕಪಾಟಿನಲ್ಲಿಟ್ಟು ಬಂದೆ.

"ಈಗ ವೈಫೈ ಸಿಕ್ತಾ?" ಎಂದರು ಅಪ್ಪ.

"ತಡೀರಿ ಅಪ್ಪಾ, ಸ್ವಲ್ಪ ಹೊತ್ತು ಬೇಕು."

"ಸರಿ, ನೀರು ಕುಡಿದು ಬರ್ತೀನಿ."

ನಾನು ಅಜ್ಜಿಯ ಕಿವಿಯ ಹತ್ತಿರ ಬಾಗಿದೆ. "ತಿಂದಿದ್ರೆ ಈಗಲೇ ಹೇಳಿಬಿಡಜ್ಜಿ. ಆಮೇಲೆ ನನ್ನ ಕೈಲೂ ಕಾಪಾಡೋಕಾಗಲ್ಲ."

"ಸುಮ್ನೆ ಕೂತ್ಕೊಳ್ಳೇ," ಎಂದಳು, ಇನ್ನೊಂದು ಬತ್ತಿ ಹೊಸೆಯುತ್ತಾ.

ಅಷ್ಟರಲ್ಲಿ ನನ್ನ ಫೋನು ಟಿಣ್ ಎಂದಿತು: 'ಮುಚ್ಚಳ ತೆರೆದಿದೆ.'

ಅಡುಗೆಮನೆಯಿಂದ, ಬಾಯಿ ತುಂಬಿದ ದನಿಯಲ್ಲಿ, ಅಪ್ಪ ಕೇಳಿದರು: "ಏನೇ, ಇನ್ನೂ ಕನೆಕ್ಟ್ ಆಗ್ಲಿಲ್ವಾ?"