ಏಳನೇ ನಂಬರಿನ ಟ್ಯಾಬ್

ಗಂಗಲಕ್ಷ್ಮಿ ಕಾಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಕೊಬ್ಬರಿಯ ಉಂಡೆ ಲೊಡಲೊಡ ಅಂತು. ಅಟ್ಟದ ಮೇಲೆ ವರ್ಷ ಕಳೆದ ಕಾಯಿ, ಚಿಪ್ಪು ಬಿಟ್ಟಿದೆ. ಉಂಡೆಗೆ ಪೆಟ್ಟು ತಾಗದಂತೆ ಚಿಪ್ಪು ಒಡೆಯಲು ಮಚ್ಚು ಎತ್ತುವಷ್ಟರಲ್ಲಿ ಜಗಲಿಯಿಂದ ಕರೆ ಬಂತು.

"ಗಂಗಾ, ಕೈ ತೊಳ್ಕೊಂಡು ಬಾರವ್ವ. ಮೇಡಂ ಬಂದವ್ರೆ. ನೀನೂ ಕಮಿಟಿ ಮೆಂಬರು ಅನ್ನೋದು ಮರ್ತೋಯ್ತಾ?"

ಕರೆದವರು ಸದಾಶಿವಯ್ಯ, ಊರಿನ ಸರ್ಕಾರಿ ಶಾಲೆಯ ಸಮಿತಿಗೆ ಅಧ್ಯಕ್ಷರು. ಕಾಯಿ, ಅಂಗಳ, ಎದುರಿನ ದೊಡ್ಡ ಮನೆ ಎಲ್ಲ ಅವರದೇ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಗಂಗಲಕ್ಷ್ಮಿ ಇಲ್ಲಿ ಕೊಬ್ಬರಿ ಬಿಡಿಸುತ್ತಾಳೆ. ಸ್ಕೂಲಿಗೆ ಹೊರಡುವ ಮುಂಚೆ ಮಗಳು ತನುಶ್ರೀಯೂ ಬಂದು ಚಿಪ್ಪು ಆರಿಸಿ ಚೀಲಕ್ಕೆ ತುಂಬುತ್ತಾಳೆ. ಐದನೇ ಕ್ಲಾಸು. ಹೋದ ವಾರ, ಸ್ಕೂಲಿಗೆ ಕೊಡಲಿರುವ ಟ್ಯಾಬ್ ತೋರಿಸಲು ಬಂದವರು ಒಂದೊಂದು ಮಗುವಿಗೆ ಒಂದೊಂದು ನಂಬರು ಕೊಟ್ಟಿದ್ದರು. ತನುವಿನದು ಏಳು. ಅವತ್ತೇ ಅವಳು ಬ್ಯಾಗಿನ ಮೇಲೆ ಪೆನ್ನಿನಲ್ಲಿ ಏಳು ಬರೆದುಕೊಂಡಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಿದ್ದದ್ದು ಒಂದೇ, "ಅವ್ವಾ, ಇವತ್ತು ಬತ್ತಾವಾ?"

ತಾಯಿ ಮಗಳು ಬಂದು ಜಗಲಿಯ ಕೆಳಗೆ, ಮೆಟ್ಟಿಲ ಪಕ್ಕ ನಿಂತರು. ಶಾಲೆಯ ಟೀಚರ್ ಸೌಮ್ಯ ಮೇಡಂ ಕುರ್ಚಿಯಲ್ಲಿ ಕೂತು ಕಾಗದ ಓದುತ್ತಿದ್ದರು. ತುರುವೇಕೆರೆಯಿಂದ ದಿನಾ ಬಸ್ಸಿಗೆ ಬಂದು ಹೋಗುವವರು, ಊರಿಗೆ ಹೊಸಬರು. "ಒಟ್ಟು ಹದಿನೆಂಟು ಟ್ಯಾಬ್. ಬೀಗ ಇರೋ ಬೀರು ಬೇಕು, ದಿನಾ ಚಾರ್ಜ್ ಆಗಬೇಕು, ನೆಟ್ ಸಿಗಬೇಕು. ನಮ್ಮ ಸ್ಕೂಲಲ್ಲಿ ಮೂರೂ ಇಲ್ಲ. ತೋಟದ ಮಧ್ಯೆ ಸಿಗ್ನಲ್ಲೇ ಹಿಡಿಯಲ್ಲ. ಎಲ್ಲಿಡ್ತೀವಿ ಅಂತ ಇವತ್ತೇ ಬರೆದು ಕಳಿಸದಿದ್ರೆ ಬೇರೆ ಶಾಲೆಗೆ ಹೋಗ್ತವೆ."

"ನಮ್ಮನೇಲಿಡಿ ಮೇಡಂ," ಎಂದರು ಸದಾಶಿವಯ್ಯ. "ಕೊಬ್ಬರಿ ರೇಟು ನೋಡಕ್ಕೆ ಅಂತ ನೆಟ್ಟು ಹಾಕ್ಸಿವ್ನಿ. ಯುಪಿಎಸ್ಸೂ ಐತೆ. ನಮ್ಮಾಕೆ ಸೀರೆ ಒಂಚೂರು ಅತ್ಲಾಗೆ ಸರ್ಸಿದ್ರೆ ಬೀರುವಲ್ಲಿ ಹದಿನೆಂಟಲ್ಲ, ಮೂವತ್ತು ಹಿಡೀತವೆ."

"ಮೊದ್ಲು ನಿಮ್ಮ ಹಳೇ ಪಂಚೆಗಳ್ನ ಸರ್ಸಿ," ಎಂದು ಒಳಗಿನಿಂದ ಅವರ ಹೆಂಡತಿ ಸಿದ್ದಗಂಗಮ್ಮ ಕಾಫಿ ತಂದರು. ಮೇಡಂಗೆ ಸ್ಟೀಲ್ ಲೋಟ. ಗಂಗಲಕ್ಷ್ಮಿಗೆ ಪೇಪರ್ ಲೋಟ.

ಮೇಡಂ ಮುಖ ಅರಳಿತು. "ಹಾಗಾದ್ರೆ ಮಕ್ಕಳು ದಿನಾ ಸಂಜೆ ಐದರಿಂದ ಆರು ಇಲ್ಲೇ ಬರಲಿ ಸಾರ್. ನಡುಮನೆಯಲ್ಲಿ ಎರಡು ಚಾಪೆ ಹಾಸಿದ್ರೆ ಸಾಕು."

"ಬರ್ಲಿ ಬುಡಿ. ಮನೆ ತುಂಬಾ ಮಕ್ಳಿದ್ರೆ ಚೆಂದ ಅಲ್ವಾ?" ಅವರು ಮನಸಾರೆ ಹೇಳಿದರು. ಅವರ ಕಣ್ಣ ಮುಂದೆ ಆಗ ಯಾವ ಯಾವ ಮಕ್ಕಳು ಇದ್ದರೋ. ಹದಿನೆಂಟು ಮಕ್ಕಳಲ್ಲಿ ಐದು ಗಂಗಲಕ್ಷ್ಮಿಯ ಕೇರಿಯವು. ಆ ಕೇರಿಯವರು ಇಲ್ಲಿ ಅಂಗಳ ಗುಡಿಸಿದ್ದಾರೆ, ಅಟ್ಟಕ್ಕೆ ಹಿಂದಿನ ಏಣಿಯಿಂದ ಕಾಯಿ ಹೊತ್ತಿದ್ದಾರೆ. ಹೊಸ್ತಿಲು ದಾಟಿದವರಿಲ್ಲ. ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ.

ತನು ಸೆರಗು ಜಗ್ಗಿದಳು. "ಅವ್ವಾ, ಮಿಸ್ಸನ್ನ ಒಂದು ಕೇಳ್ಲಾ?"

"ಆಮೇಲೆ ಕಣೇ," ಎಂದಳು ಗಂಗಲಕ್ಷ್ಮಿ. ಕಾಫಿ ಕೈಯಲ್ಲೇ ಆರುತ್ತಿತ್ತು. "ಮೇಡಂ, ಸ್ಕೂಲಲ್ಲೇ ಹೆಂಗಾದ್ರೂ ಇಟ್ಕಳಕ್ಕೆ ಆಗಲ್ವಾ?"

"ಕಿಟಕಿಗೆ ಸರಳೇ ಇಲ್ವಲ್ಲ ಗಂಗಲಕ್ಷ್ಮಿ. ಯಾಕೆ, ಏನಾದ್ರೂ ತೊಂದರೆನಾ?"

ಸದಾಶಿವಯ್ಯ ನಕ್ಕರು. "ಅವ್ಳಿಗೇನು ತೊಂದ್ರೆ? ದಿನಾ ಇಲ್ಲೇ ಇರ್ತಾಳೆ. ಮಗಳು ಬಂದಂಗೂ ಆಯ್ತು, ಅವ್ವನ್ ಜೊತೆ ಮನೆಗೆ ಹೋದಂಗೂ ಆಯ್ತು."

ಗಂಗಲಕ್ಷ್ಮಿ ಹೊಸ್ತಿಲ ಕಡೆ ನೋಡಿದಳು, ಹಳೆಯದೊಂದು ದಿನ ನೆನಪಾಯಿತು. ತನುವಿಗೆ ಆಗ ಎರಡು ವರ್ಷ. ಬೆಕ್ಕಿನ ಮರಿಯ ಹಿಂದೆ ಓಡಿ, ಇದೇ ಮೆಟ್ಟಿಲು ಹತ್ತಿ, ಹೊಸ್ತಿಲ ಮೇಲೆ ಕಾಲಿಟ್ಟಿತ್ತು ಮಗು. ಮನೆಯವರು ಯಾರೂ ನೋಡಿರಲಿಲ್ಲ. ಕೆಲಸ ಬಿಟ್ಟು ಓಡಿ, ತೋಳು ಕೆಂಪಾಗುವಷ್ಟು ಬಿಗಿಯಾಗಿ ಹಿಡಿದು ಹಿಂದಕ್ಕೆ ಎಳೆದದ್ದು ತಾನೇ. ಅಳುತ್ತಿದ್ದ ಮಗುವಿಗೆ ಯಾಕೆ ಎಂದು ಹೇಳಿರಲಿಲ್ಲ. ಮತ್ತೆ ಹೇಳಬೇಕಾಗಿಯೂ ಬರಲಿಲ್ಲ. ಮಳೆ ಬಂದರೆ ತನು ತಾನಾಗಿಯೇ ಜಗಲಿ ಬಿಟ್ಟು ಕೊಟ್ಟಿಗೆಯ ಕಡೆ ಓಡುತ್ತಿದ್ದಳು.

"ಇಲ್ಲೊಂದು ಸೈನ್ ಮಾಡಿ," ಎಂದು ಮೇಡಂ ಕಾಗದದಲ್ಲಿ ಈ ಮನೆಯ ವಿಳಾಸ ತುಂಬಿ ಜಗಲಿಯ ಅಂಚಿಗೆ ತಂದಿಟ್ಟರು. "ಉಳಿದ ಮೆಂಬರ್‌ಗಳು, ಜಾಗ ನೀವೇ ಬರ್ಕೊಳ್ಳಿ ಅಂತ ಮೊದಲೇ ಸೈನ್ ಮಾಡಿಕೊಟ್ಟಿದ್ದಾರೆ. ನಿಮ್ಮದೊಂದೇ ಬಾಕಿ." ಸೈನ್ ಮಾಡಿದರೆ ಟ್ಯಾಬ್ ಈ ಮನೆಯೊಳಗೆ ಹೋಗುತ್ತದೆ. ಮಾಡದಿದ್ದರೆ ಊರಿಗೇ ಬರುವುದಿಲ್ಲ. ಗಂಗಲಕ್ಷ್ಮಿ ಲೋಟ ಕೆಳಗಿಟ್ಟು ಒದ್ದೆ ಕೈಯನ್ನು ಸೆರಗಿಗೆ ಒರೆಸಿದಳು, ಪೆನ್ನು ತೆಗೆದುಕೊಂಡಳು, ಮತ್ತೊಮ್ಮೆ ಒರೆಸಿದಳು.

ಆಗ ತನು ಮುಂದೆ ಬಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಗಂಗಲಕ್ಷ್ಮಿಯ ಎಡಗೈ ಅವಳನ್ನು ಎಳೆದುಕೊಳ್ಳಲು ಚಾಚಿತು. ಭುಜದ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಅವಳು ಎಳೆಯಲಿಲ್ಲ.

ಹೆಗಲಿಗೆ ಹಾಕಿದ್ದ ಬ್ಯಾಗಿನ ಮೇಲಿನ ನಂಬರನ್ನು ಬೆರಳಿನಿಂದ ತೋರಿಸಿ ತನು ಮೇಡಂ ಮುಖ ನೋಡಿದಳು.

"ಮಿಸ್, ಎಲ್ರೂ ಒಳಗೆ ಕೂತ್ಕೊಂಡ್ಮೇಲೆ, ನನ್ನ ಏಳನೇ ನಂಬರಿನ ಟ್ಯಾಬನ್ನ ಹೊರಕ್ಕೆ ಯಾರು ತಂದ್ಕೊಡ್ತಾರೆ?"