ಸೋಸಲೆ ರಸ್ತೆಯ ಹಾರ್ನ್

ಹಿಂದಿನಿಂದ ಹಾರ್ನ್ ಕೇಳಿತು. ಜವರಯ್ಯ ತಿರುಗಿ ನೋಡಲಿಲ್ಲ. ಓಡುತ್ತಲೇ ಹಲ್ಲು ಕಡಿದ.

ಸೋಸಲೆಗೆ ಹೋಗುವ ಮೊದಲ ಬಸ್ಸು ಅವನ ಪಕ್ಕಕ್ಕೆ ಬಂದು ನಿಂತಿತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬಸವಣ್ಣ ಕೈ ಚಾಚಿದ.

"ಅತ್ಕಳಿ ಜವರಣ್ಣ! ಯಾಕಂಗೆ ಓಡ್ತೀರಿ, ಜಾಗ ಅದೆ!"

ಬಸ್ಸಿನ ತುಂಬ ನಗು.

"ಬಸ್ಸಿಗಲ್ಲ ಕಣ್ಲಾ ಓಡ್ತಿರೋದು, ಸಕ್ಕರೆ ಕಾಯಿಲೆಗೆ! ಎಷ್ಟು ಸಲ ಬೊಗಳಲಿ?"

"ಸರಿ ಬುಡಿ. ತಿಂಡಿ ಆಯ್ತಾ?"

"ತಿಂದು ಯಾವನ್ಲಾ ಓಡ್ತಾನೆ? ಓಗಾಚೆ!"

ಬಸ್ಸು ಹೊರಟಿತು. ಧೂಳೆಲ್ಲ ಜವರಯ್ಯನ ಬಾಯಿಗೆ.

ಎರಡು ಸಾವಿರದ ಒಂದನೇ ಇಸವಿಯ ಮಾತು. ಆಗ ಟಿ. ನರಸೀಪುರದಲ್ಲಿ ಐವತ್ತು ದಾಟಿದವನು ಓಡಿದರೆ ಎರಡೇ ಕಾರಣ. ಬಸ್ಸು ತಪ್ಪಿರಬೇಕು, ಇಲ್ಲ ದನ ಹಗ್ಗ ಕಿತ್ತುಕೊಂಡಿರಬೇಕು. ಬಸವಣ್ಣನೂ ಮೊದಲ ದಿನ ನಿಜವಾಗಿ ಬಸ್ಸು ತಪ್ಪಿತೆಂದೇ ತಿಳಿದಿದ್ದ. ಆಮೇಲೆ ದಿನಾ ನಿಲ್ಲಿಸಿ ಕರೆಯುವುದೇ ಅಭ್ಯಾಸವಾಯಿತು.

ಜವರಯ್ಯ ನೀರಾವರಿ ಕಚೇರಿಯ ಜೀಪ್ ಡ್ರೈವರ್. ಆ ರಸ್ತೆಯಲ್ಲಿ ಅವನಿಗೆ ಸಿಟ್ಟು ತರಿಸದವರೇ ಇರಲಿಲ್ಲ. ರಸ್ತೆಯಗಲಕ್ಕೂ ಹರಡಿಕೊಂಡು ನಡೆಯುವ, ಶಾಲು ಹೊದ್ದ ಮುದುಕರು ಜಾಗ ಬಿಡುತ್ತಿರಲಿಲ್ಲ. ಎದುರಿನಿಂದ ಓಡಿ ಬರುವ ಬ್ಯಾಂಕಿನ ಪ್ರಸಾದ್ ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು, ತಲೆಯನ್ನೇ ಎತ್ತದೆ ಹೋಗುತ್ತಿದ್ದ. ಮನೆಗೆ ಬಂದು ಬೀಗ ತೆಗೆದು ರೇಡಿಯೋ ಹಾಕಿದರೆ, ಅದರಲ್ಲಿ ವಾರ್ತೆ ಓದುವವನಿಗೂ ಬೈಗುಳ. ಹೆಂಡತಿ ಕೆಂಪಾಜಮ್ಮ ಬದುಕಿದ್ದಾಗ ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಿದ್ದಳು. ರೇಡಿಯೋ ಕೊಡುವುದಿಲ್ಲ.

ಒಂದು ಬೆಳಿಗ್ಗೆ ಪ್ರಸಾದನನ್ನೇ ಅಡ್ಡಗಟ್ಟಿದ.

"ಆ ಕಂಡಕ್ಟರ್ ಮೇಲೆ ಕಂಪ್ಲೇಂಟ್ ಕೊಡ್ತೀನಿ ಕಣ್ರೀ. ನೆಮ್ಮದಿಯಾಗಿ ಓಡೋಕೆ ಬುಡಲ್ಲ ನನ್ಮಗ."

ಪ್ರಸಾದ್ ಕಿವಿಯಿಂದ ವೈರು ಕಿತ್ತ. "ನಾಲೆ ಏರಿ ಮೇಲೆ ಓಡಿ ಸಾ. ಅಲ್ಲಿ ಬಸ್ಸೂ ಇಲ್ಲ, ಜನಾನೂ ಇಲ್ಲ."

"ಅಲ್ಲಿ ಆವು, ಚೇಳು ಓಡಾಡ್ತವೆ."

"ಇಲ್ಲಾಂದ್ರೆ ಅರ್ಧ ಗಂಟೆ ಮುಂಚೆ ಬನ್ನಿ."

"ನಾನ್ಯಾಕೆ ಬರ್ಲಿ? ರಸ್ತೆ ಅವನಪ್ಪಂದಾ?"

ಆ ವಾರದಲ್ಲೇ ಒಂದು ದಿನ ಬಸ್ಸು ಪಂಕ್ಚರ್ ಆಗಿ ತಡವಾಯಿತು. ಜವರಯ್ಯ ಮೈಲಿಗಲ್ಲಿನ ಮೇಲೆ ಕೂತು, ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಬಿಚ್ಚಿ ಕಟ್ಟಿದ. ಕೊನೆಗೂ ಬಸ್ಸು ಬಂದಾಗ, ತಡಮಾಡಿದ್ದಕ್ಕೂ ಸೇರಿಸಿ ಬೈದು ಕಳಿಸಿದ.

ದಿನಾ ಇದೇ ದೂರು ಕೇಳಿ ಪ್ರಸಾದನಿಗೆ ಸಾಕಾಯಿತು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಬಸವಣ್ಣನನ್ನು ಹಿಡಿದ.

"ಆವಯ್ಯ ಕಂಪ್ಲೇಂಟ್ ಕೊಟ್ರೆ ನಿನ್ನ ಕೆಲಸಕ್ಕೇ ಕುತ್ತು. ನಿಲ್ಲಿಸ್ಬೇಡ, ಮಾತೂ ಆಡಿಸ್ಬೇಡ."

ಮರುದಿನ ಹಾರ್ನ್ ಕೇಳಲಿಲ್ಲ. ಬಸ್ಸು ಬಂತು. ಬಸವಣ್ಣ ಮುಖವನ್ನು ಗದ್ದೆಯ ಕಡೆ ತಿರುಗಿಸಿಕೊಂಡಿದ್ದ. ಬಸ್ಸು ಹೋಯಿತು.

ಜವರಯ್ಯ ನಡುರಸ್ತೆಯಲ್ಲಿ ನಿಂತುಬಿಟ್ಟ.

ಎದುರಿನಿಂದ ಬಂದ ಪ್ರಸಾದ್ ನಗುತ್ತ ಕೈಯೆತ್ತಿದ. "ನಾನೇ ಹೇಳ್ದೆ ಸಾ! ಇನ್ನು ನಿಮ್ಮ ತಂಟೆಗೆ ಬರಲ್ಲ!"

ಜವರಯ್ಯ ಬಸ್ಸೆಬ್ಬಿಸಿದ ಧೂಳನ್ನು ನೋಡಿದ. ಆಮೇಲೆ ಓಡಿದ. ಯಾವ ಡಾಕ್ಟರೂ ಒಪ್ಪದಂಥ ಓಟ. ಶಾಲಿನ ಮುದುಕರು ಮೊದಲ ಸಲ ದಾರಿ ಬಿಟ್ಟರು.

ಸೋಸಲೆಯಲ್ಲಿ ಹಾಲಿನ ಕ್ಯಾನು ಏರಿಸಲು ಬಸ್ಸು ನಿಂತಿತ್ತು. ಬಾಗಿಲಿನ ಕಂಬಿ ಹಿಡಿದು ಜವರಯ್ಯ ಜೋತುಬಿದ್ದ. ಮುಖ ಕೆಂಪಾಗಿತ್ತು, ಉಸಿರು ಸಿಗುತ್ತಿರಲಿಲ್ಲ. ಬಸವಣ್ಣ ಟಿಕೆಟ್ ಚೀಲವನ್ನು ಎದೆಗೆ ಅಡ್ಡ ಹಿಡಿದ.

"ಇವತ್ತು ನಿಲ್ಲಿಸ್ಲೇ ಇಲ್ವಲ್ಲಣ್ಣ! ಇನ್ಯಾಕೆ ಸಿಟ್ಟು?"

"ತಿಂಡಿ ಆಯ್ತಾ ಅಂತ ಯಾಕ್ಲಾ ಕೇಳ್ನಿಲ್ಲ?"